ಅವ್ವನ ಹೆಸರಿನ ಕಸ

ಕೇಶ್ವಾಪುರ, ಹುಬ್ಬಳ್ಳಿ
೫ ನವೆಂಬರ್ ೧೯೨೮

ತಮ್ಮ ವೆಂಕಣ್ಣನಿಗೆ, ಅಣ್ಣ ಪಂಢರಿನಾಥನ ಆಶೀರ್ವಾದ.

ನೀನು ನೈರೋಬಿಯಿಂದ ಕಳಿಸಿದ ಪೆಟ್ಟಿಗೆ ದಸರೆಯ ಹೊತ್ತಿಗೆ ಬಂದು ಮುಟ್ಟಿತು. ಸ್ಟೇಷನ್ನಿನಿಂದ ನಮ್ಮ ಟಾಂಗಾದ ಫಕ್ರುಸಾಬನೇ ತಂದ. ಒಳಗಿನ ಸಾಮಾನು ಸುರಕ್ಷಿತ. ಉಣ್ಣೆಯ ಶಾಲು ಅವ್ವನಿಗೆ ಸೇರಿತು. ದಸರೆಯ ದಿನ ಗುಡಿಗೆ ಹೋಗುವಾಗ ಹೊದ್ದುಕೊಂಡಿದ್ದಳು. ಚೀನೀ ಮಣ್ಣಿನ ಕಪ್ಪುಗಳು ನನ್ನವಳಿಗೆ, ನಿನ್ನ ವೈನಿ ತಾರಾಳಿಗೆ, ಸೇರಿದವು.

ಏಳು ವರ್ಷದ ಹಿಂದೆ ನೀನು ಹಡಗು ಹತ್ತಲು ಹೊರಟಾಗ ಅವ್ವ ಅಂದದ್ದನ್ನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ತೆಗೆದುಹಾಕು. 'ಸಮುದ್ರ ದಾಟಿದಾಂವ ನನ್ನ ಅಡಗಿಮನಿ ಹೊಸ್ತಿಲಾ ದಾಟಬಾರದು' ಅಂದಳು ಖರೆ, ಆದರೆ ಅದು ಸಿಟ್ಟಿನ ಮಾತು. ಎಲ್ಲ ಹದಕ್ಕೆ ಬರುತ್ತದೆ. ಆದರೂ ಇನ್ನು ಮೇಲೆ ಪೆಟ್ಟಿಗೆ ಕಳಿಸುವ ತ್ರಾಸು ತೆಗೆದುಕೊಳ್ಳಬೇಡ. ದೂರದ ದಾರಿ, ಸುಂಕದವರ ಕಾಟ, ನೂರೆಂಟು ಉಪದ್ವ್ಯಾಪ.

ನನ್ನದೇನು ಹೊಸ ಸುದ್ದಿ ಇರುತ್ತದೆ? ಹಗಲೆಲ್ಲ ಸಾಲೆಯ ಹುಡುಗರಿಗೆ ವಿಜ್ಞಾನ ಕಲಿಸುತ್ತೇನೆ, ಸಂಜೆ ಊರ ಹೊರಗೆ ಗಿಡಗಂಟಿಯ ಕಸ ಹೆಕ್ಕುತ್ತೇನೆ. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಕಾಡುಗಿಡಗಳ ಪುಸ್ತಕ ಅರ್ಧಕ್ಕೆ ಬಂದಿದೆ. ಯಾರೂ ನೆಡದ, ಯಾರೂ ನೀರು ಹಾಕದ, ಈ ಮಣ್ಣಿನಲ್ಲಿ ತಾನಾಗಿ ಹುಟ್ಟಿದ ಗಿಡಗಳು ಮಾತ್ರ. ಹೊರಗಿನಿಂದ ಬಂದು ಬೇಲಿ ಸೇರಿಕೊಂಡವಕ್ಕೆ ನನ್ನ ಪುಸ್ತಕದಲ್ಲಿ ಜಾಗವಿಲ್ಲ. ತಾರಾ ಚೇಷ್ಟೆ ಮಾಡುತ್ತಾಳೆ: "ಅವ್ವಗ ಅಡಗಿಮನಿ, ನಿಮಗ ಪುಸ್ತಕಾ. ಇಬ್ಬರಿಗೂ ಮಡಿ." ಗಿಡಗಳನ್ನು ಕಾಗದದ ನಡುವೆ ಒತ್ತಿ ಹಾಸಿಗೆಯ ಕೆಳಗೆ ಇಟ್ಟಿದ್ದೇನೆ. ಮಗ್ಗುಲು ಬದಲಿಸಿದರೆ ಚರಚರ ಅನ್ನುತ್ತವೆ ಎಂದು ಅದಕ್ಕೂ ಅವಳ ತಕರಾರು.

ಆರೋಗ್ಯ ನೋಡಿಕೋ.

ಪಂಢರಿನಾಥ


ನೈರೋಬಿ
೧೬ ಡಿಸೆಂಬರ್ ೧೯೨೮

ಅಣ್ಣನ ಪಾದಗಳಿಗೆ ವೆಂಕಣ್ಣನ ನಮಸ್ಕಾರ.

ಹೊದ್ದಳೇನು? ಖರೇ ಹೊದ್ದಳೇನು? ನಿನ್ನ ಪತ್ರದ ಆ ಒಂದು ಸಾಲನ್ನು ರೈಲ್ವೆ ಕಚೇರಿಯ ಗೆಳೆಯರಿಗೆಲ್ಲ ಅರ್ಥ ಮಾಡಿ ಹೇಳಿದೆ. ತಾಯಿ ಶಾಲು ಹೊದ್ದದ್ದಕ್ಕೆ ಇಷ್ಟು ಹಿಗ್ಗುವವನನ್ನು ನೋಡಿಲ್ಲ ಎಂದು ನಕ್ಕರು. ನಗಲಿ, ಎಲ್ಲರಿಗೂ ಚಹಾ ಕುಡಿಸಿದೆ. ಅವರಿಗೇನು ಗೊತ್ತು ನಮ್ಮವ್ವ ಗೋದಾಬಾಯಿಯ ಹಟ.

ಬೇಕೆಂದೇ ಉಣ್ಣೆಯದನ್ನು ಆರಿಸಿದ್ದೆ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ ಎಂದು ನಾವು ಸಣ್ಣವರಿದ್ದಾಗ ಅವಳೇ ಹೇಳುತ್ತಿದ್ದಳಲ್ಲ. ಆ ಮಾತನ್ನೇ ಹಿಡಿದು ಅವಳನ್ನು ಗೆಲ್ಲೋಣ ಅಂದುಕೊಂಡೆ. ಕಂದು ಬಣ್ಣ ಒಪ್ಪಿತೋ? ಏನಾದರೂ ಅಂದಳೋ? ನೀನು ಗಿಡದ ಎಲೆಗೆ ಹತ್ತು ಸಾಲು ಬರೆಯುತ್ತೀ, ಅವ್ವನ ಮಾತಿಗೆ ಒಂದು ಸಾಲೂ ಇಲ್ಲ.

ವೈನಿಯ ಕಪ್ಪು ಒಂದೂ ಒಡೆಯಲಿಲ್ಲ ಎಂದರೆ ಆ ಹುಲ್ಲಿನ ಪುಣ್ಯ. ನನ್ನ ಖೋಲಿಯ ಹಿಂದೆ, ಹಳಿಯ ಬದಿಗೆ ಬೆಳೆದಿದ್ದನ್ನೇ ಕೊಯ್ದು ಒಣಗಿಸಿ ತುರುಕಿದ್ದೆ. ನೀನು ಆ ಹುಲ್ಲನ್ನೂ ಕಾಗದಕ್ಕೆ ಅಂಟಿಸಿ ಇಟ್ಟಿರಬೇಕು.

ಈಗ ಅಸಲು ಮಾತು. ಮುಂದಿನ ವರ್ಷ ನನಗೆ ಉದ್ದ ರಜೆ ಬರುತ್ತದೆ. ಪ್ರಾಯಶ್ಚಿತ್ತ ಮಾಡಿಕೊಂಡು, ಪಂಚಗವ್ಯ ಕುಡಿದು ಒಳಗೆ ಬಾ ಎಂದರೆ ನಾನು ಒಲ್ಲೆ. ಹೊಟ್ಟೆಪಾಡಿಗೆ ಹಡಗು ಹತ್ತಿದ್ದು ಪಾಪವಲ್ಲ. ಅಂದೂ ಅದನ್ನೇ ಹೇಳಿದ್ದೆ, ಇಂದೂ ಅದನ್ನೇ ಹೇಳುತ್ತೇನೆ. ಆದರೆ ಶಾಲು ಹೊದ್ದವಳು ನನಗೆ ಒಂದು ತಾಟು ಅನ್ನ ಬಡಿಸದೆ ಇರಲಾರಳು. ಅವಳ ಕೈಯಿಂದ ಬಡಿಸಿಕೊಂಡು ಉಣ್ಣಬೇಕು. ಬೇರೆ ಯಾವ ಆಸೆಯೂ ಇಲ್ಲ. ಬರಲೇ ಅಣ್ಣಾ?

ವೆಂಕಣ್ಣ


ಕೇಶ್ವಾಪುರ
೨೦ ಫೆಬ್ರುವರಿ ೧೯೨೯

ತಮ್ಮ ವೆಂಕಣ್ಣನಿಗೆ ಆಶೀರ್ವಾದ.

ಪತ್ರ ಮುಟ್ಟಿತು. ಈ ವರ್ಷ ಬೇಡ. ಮನೆಯ ಹಂಚು ತೆಗೆಸಿ ಹೊಸದು ಹಾಕಿಸಬೇಕು, ನಿನಗೆ ಮಲಗಲಿಕ್ಕೂ ಇಕ್ಕಟ್ಟು. ಅವ್ವನಿಗೆ ದಮ್ಮು ಹೆಚ್ಚಾಗಿದೆ. 'ಅವಸರ ಮಾಡಬ್ಯಾಡಂತ ಬರಿ' ಅಂದಳು. ಬಣ್ಣ ಒಪ್ಪಿತು ಎಂದೂ ಅಂದಳು.

ನಿನ್ನ ರಜೆ ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದೆ ನೋಡೋಣ.

ಪಂಢರಿನಾಥ


ಕೇಶ್ವಾಪುರ
೨೧ ಸೆಪ್ಟೆಂಬರ್ ೧೯೩೦

ತಮ್ಮ ವೆಂಕಣ್ಣನಿಗೆ ಆಶೀರ್ವಾದ.

ಈ ಪತ್ರವನ್ನು ಕೂತು ಓದು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ.

ಹೋದ ಮಳೆಗಾಲದಲ್ಲಿ ಬೆಂಗೇರಿಗೆ ಹೋಗುವ ದಾರಿಯ ಹಳ್ಳದ ಬದಿಗೆ ಒಂದು ಗಿಡ ಕಂಡೆ. ಗೇಣುದ್ದದ್ದು. ತಿಳಿ ನೇರಳೆ ಹೂವು, ಒಂದೇ ತುಟಿಯದು. ಒಣಗಿದ ಕಾಯಿಗೆ ಒಂದು ಹನಿ ನೀರು ಬಿದ್ದರೆ ಚಟ್ಟನೆ ಸಿಡಿಯುತ್ತದೆ. ಬೀಜ ಒದ್ದೆಯಾದ ಕೂಡಲೇ ಲೋಳೆ ಬಿಟ್ಟು ಬೆರಳಿಗೆ ಅಂಟುತ್ತದೆ. ಇಷ್ಟು ವರ್ಷ ಈ ಸೀಮೆಯ ಹಳ್ಳ-ದಿಣ್ಣೆ ತಿರುಗಿದವನು ನಾನು, ಇದನ್ನು ಎಲ್ಲಿಯೂ ಕಂಡಿರಲಿಲ್ಲ. ನವಲೂರ ಗುಡ್ಡದಲ್ಲಿ ಇಲ್ಲ, ಉಣಕಲ್ ಕೆರೆಯ ಸುತ್ತ ಇಲ್ಲ, ಕಲಘಟಗಿಯ ಅಡವಿಯಲ್ಲಿಯೂ ಇಲ್ಲ. ಇರುವುದು ಬೆಂಗೇರಿ ಹಳ್ಳದ ಆ ಒಂದು ತುಂಡಿನಲ್ಲಿ ಮಾತ್ರ. ಈ ವರ್ಷ ಮತ್ತೆ ಬರುತ್ತದೋ ಇಲ್ಲವೋ ಎಂದು ಯಾರಿಗೂ ಹೇಳದೆ ಬಾಯಿ ಕಟ್ಟಿಕೊಂಡಿದ್ದೆ. ಬಂತು, ಮೊದಲಿಗಿಂತ ಒತ್ತಾಗಿ ಬಂತು.

ಪುಣೆಯ ಪ್ರೊಫೆಸರ್ ಸಾಹೇಬರಿಗೆ ಕಳಿಸಿದ್ದೆ. ಈ ದೇಶದ ಯಾವ ಗಿಡಕ್ಕೂ ಇದು ಹೊಂದುವುದಿಲ್ಲ, ಹೊಸದೇ ಇರಬಹುದು ಎಂದು ಬರೆದಿದ್ದಾರೆ. ಒಂದೇ ಸಂಶಯ, ಇದರ ದಾಯಾದಿಗಳು ಪೂರ್ವ ಆಫ್ರಿಕಾದಲ್ಲಿವೆಯಂತೆ. ಅಲ್ಲಿ ಇದೇ ಗಿಡ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿರಿ ಎಂದಿದ್ದಾರೆ. ಅಲ್ಲಿ ನನ್ನ ಖಾಸಾ ತಮ್ಮನೇ ಇದ್ದಾನೆ, ಚಿಂತೆಯಿಲ್ಲ ಎಂದು ಉತ್ತರ ಬರೆದೆ. ಚಿತ್ರ ಇದರೊಂದಿಗೆ ಇಟ್ಟಿದ್ದೇನೆ. ಹಳಿಯ ಬದಿ, ಹೊಲದ ಬದಿ ನೋಡು. ಇದೆಯೋ ಇಲ್ಲವೋ, ಒಂದೇ ಮಾತು ಬರೆ.

ಹೊಸದೆಂದು ನಿಶ್ಚಯವಾದರೆ ಹೆಸರಿಡುವ ಹಕ್ಕು ನನ್ನದು. ಅವ್ವನ ಹೆಸರು ಇಡುತ್ತೇನೆ. ಅವಳಿಗೆ ಹೇಳಿದೆ. ಮಜ್ಜಿಗೆ ಕಡೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಹೋಗಿ ಹೋಗಿ ಕಸಕ್ಕ ನನ್ನ ಹೆಸರು ಇಡತೀಯೇನು?" ಅಂದಳು. ಆದರೆ ಸಂಜೆ ಪಕ್ಕದ ಮನೆಯ ಸುಲಭಾಬಾಯಿಗೆ ಅದನ್ನೇ ಹೇಳುತ್ತಿದ್ದದ್ದು ಕೇಳಿಸಿತು.

ರಜೆಯ ವಿಷಯ ಮತ್ತೆ ಕೇಳಿದ್ದೀ. ಈ ಕೆಲಸ ಒಂದು ಮುಗಿಯಲಿ.

ಪಂಢರಿನಾಥ


ನೈರೋಬಿ
೩೦ ನವೆಂಬರ್ ೧೯೩೦

ಅಣ್ಣನಿಗೆ ನಮಸ್ಕಾರ.

ಚಿತ್ರ ನೋಡಿದೆ. ಹಳಿಯ ಬದಿಗೂ ಹೊಲಗಳ ಬದಿಗೂ ತಿರುಗಿ ನೋಡಿದೆ. ಇಂಥ ಗಿಡ ಇಲ್ಲಿಲ್ಲ.

ಅವ್ವನ ಹೆಸರು ಇಡುವುದು ಛಲೋ ಆಯಿತು.

ರಜೆಯ ಮಾತು ಸದ್ಯ ಬಿಡು. ಇಲ್ಲಿ ಕೆಲಸ ಹೆಚ್ಚಿದೆ. ಒಂದು ಕೇಳುವುದಿತ್ತು. ಅವ್ವ ಆ ಶಾಲನ್ನು ಈಗಲೂ ಹೊದೆಯುತ್ತಾಳೇನು?

ವೆಂಕಣ್ಣ


ಕೇಶ್ವಾಪುರ
೧೧ ಜನವರಿ ೧೯೩೧

ತಮ್ಮ ವೆಂಕಣ್ಣನಿಗೆ ಅನೇಕ ಆಶೀರ್ವಾದ.

ನಿನ್ನ ಪತ್ರ ಬಂದ ದಿನ ಸಾಲೆಗೆ ರಜೆ ಹಾಕಿ ಬೆಂಗೇರಿ ಹಳ್ಳಕ್ಕೆ ಹೋದೆ. ಗಿಡ ಒಣಗಿ ನಿಂತಿತ್ತು. ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ನಲವತ್ತೆಂಟು ವಯಸ್ಸಿನವನು, ಧೋತರಕ್ಕೆ ಮಣ್ಣು ಹತ್ತಿದ್ದೂ ತಿಳಿಯಲಿಲ್ಲ.

ಲೇಖನ ಬರೆದು ಮುಂಬಯಿಯ ಪತ್ರಿಕೆಗೆ ಕಳಿಸಿದ್ದೇನೆ. 'ನೈರೋಬಿಯಲ್ಲಿ ಬಹುಕಾಲದಿಂದ ಇರುವ ನನ್ನ ತಮ್ಮ ಸ್ವತಃ ಹುಡುಕಿ, ಅಲ್ಲಿ ಈ ಗಿಡ ಇಲ್ಲವೆಂದು ಖಾತ್ರಿ ಮಾಡಿದ್ದಾರೆ' ಎಂದು ನಿನ್ನ ಹೆಸರನ್ನೂ ಸೇರಿಸಿದ್ದೇನೆ. ಅವ್ವನ ಹೆಸರು, ನಿನ್ನ ಹೆಸರು, ನನ್ನ ಹೆಸರು ಒಂದೇ ಪುಟದಲ್ಲಿ ಅಚ್ಚಾಗುತ್ತವೆ. ನಮ್ಮ ಮನೆತನದಲ್ಲಿ ಇಂಥದು ಆಗಿರಲಿಲ್ಲ. ಧಾರವಾಡದಲ್ಲಿ ಒಂದು ಸಭೆ ಮಾಡಿ ನನಗೆ ಶಲ್ಯ ಹೊದಿಸುವ ಮಾತು ನಡೆದಿದೆ. ಬೇಡ ಬೇಡ ಎಂದೆ, ಒಳಗೊಳಗೆ ಬೇಕಾಗಿತ್ತು.

ಶಾಲಿನ ಮಾತು ಕೇಳಿದ್ದೀ. ಹೊದೆಯುತ್ತಾಳೆ. ಚಳಿಗಾಲದಲ್ಲಿ ಬಿಡುವುದೇ ಇಲ್ಲ. ಅಂಚು ಸ್ವಲ್ಪ ಸವೆದಿದೆ, ತಾರಾ ಹೊಲಿದು ಕೊಟ್ಟಿದ್ದಾಳೆ.

ಪಂಢರಿನಾಥ


ಕೇಶ್ವಾಪುರ
೧೪ ಆಗಸ್ಟ್ ೧೯೩೨

ವೆಂಕಣ್ಣನಿಗೆ,

ಒಂದೂವರೆ ವರ್ಷದಲ್ಲಿ ನಿನ್ನಿಂದ ಬಂದದ್ದು ಎರಡೇ ಕಾರ್ಡು, ಎರಡರಲ್ಲೂ 'ಕ್ಷೇಮ' ಎಂಬುದು ಬಿಟ್ಟರೆ ಬೇರೇನಿಲ್ಲ. ಯಾಕೆಂದು ಈಗ ತಿಳಿಯಿತು.

ಪುಣೆಯವರು ನನ್ನ ಗಿಡವನ್ನು ವಿಲಾಯತಿಗೆ ಕಳಿಸಿದ್ದರು. ಅಲ್ಲಿಂದ ಉತ್ತರ ಬಂದಿದೆ. ಇದು ಹೊಸ ಗಿಡವಲ್ಲ. ಎಂದೋ ಹೆಸರಿಟ್ಟು ಮುಗಿದ, ಪೂರ್ವ ಆಫ್ರಿಕಾದ ಹಾದಿಬೀದಿಯ ಕಸ. ನೈರೋಬಿಯ ರೈಲು ಹಳಿಯ ಉದ್ದಕ್ಕೂ ಬೇಕಾದಷ್ಟು ಬೆಳೆಯುತ್ತದೆ ಎಂದು ಊರಿನ ಹೆಸರು ಹಿಡಿದೇ ಬರೆದಿದ್ದಾರೆ. ಹಳೆಯ ಹೆಸರೇ ನಿಲ್ಲುತ್ತದೆ. ಅವ್ವನ ಹೆಸರು ಬಿದ್ದುಹೋಯಿತು.

ಸಭೆ ಮಾಡಿಸಿಕೊಂಡು, ಶಲ್ಯ ಹೊದ್ದು, ಈ ಮಣ್ಣಿನ ಮಗಳು ಈ ಗಿಡ ಎಂದು ಭಾಷಣ ಬಿಗಿದು ಬಂದವನು ನಾನು. ಈಗ ಸಾಲೆಯ ಮಾಸ್ತರರ ಖೋಲಿಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಸಂಸ್ಕೃತದ ಬಾಳಕೃಷ್ಣ ಮಾಸ್ತರರು, "ಪಂಢರಿನಾಥರ, ನಮ್ಮ ಹಿತ್ತಲದಾಗೂ ಒಂದು ಗಿಡಾ ಎದ್ದದ. ನಮ್ಮ ಅತ್ತಿ ಹೆಸರು ಇಡಬಹುದೇನು, ಬಂದು ನೋಡ್ರಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಚಿಕೆಯಿಂದ ಕಿವಿ ಸುಡುತ್ತಿದ್ದವು.

ನನ್ನ ತಪ್ಪಿಗೆ ನಾನು ಅನುಭವಿಸುತ್ತೇನೆ. ಆದರೆ ನೀನು? ನೀನಿರುವ ಖೋಲಿಯ ಹಿಂದೆಯೇ ಹಳಿ ಹೋಗುತ್ತದೆ. ನೋಡದೆಯೇ ಇಲ್ಲವೆಂದು ಬರೆದೆಯೋ, ನೋಡಿ ಸುಳ್ಳು ಬರೆದೆಯೋ? ನಿನ್ನ ಮಾತನ್ನು ನಂಬಿ ನಾನು ಅಚ್ಚು ಹಾಕಿಸಿದೆ. ಉತ್ತರ ಕೊಡು.

ಪಂಢರಿನಾಥ


ನೈರೋಬಿ
೨ ಅಕ್ಟೋಬರ್ ೧೯೩೨

ಅಣ್ಣನಿಗೆ,

ನೋಡಿದೆ. ನೋಡಿಯೇ ಸುಳ್ಳು ಬರೆದೆ.

ನಿನ್ನ ಚಿತ್ರವನ್ನು ಬಿಚ್ಚಿದ ಕೂಡಲೇ ಗುರುತು ಹತ್ತಿತು. ನನ್ನ ಖೋಲಿಯ ಹಿಂದೆಯೇ ಇದೆ. ಮಳೆಯಲ್ಲಿ ನಡೆದು ಬಂದರೆ ಅದರ ಬೀಜ ಪಾಟಲೋನಿಗೆ ಲೋಳೆಲೋಳೆಯಾಗಿ ಅಂಟುತ್ತದೆ, ಒಗೆದರೂ ಹೋಗುವುದಿಲ್ಲ. ಕಪ್ಪುಗಳ ನಡುವೆ ತುರುಕಿದ್ದು ಅದನ್ನೇ. ನಿನ್ನ ಹೊಸ ಗಿಡ ನನ್ನ ಪೆಟ್ಟಿಗೆಯಲ್ಲಿ ಬಂತು ಎಂಬುದು ಆ ಕ್ಷಣಕ್ಕೇ ತಿಳಿಯಿತು. ಒಂದು ನಿಮಿಷ ನಕ್ಕೆ ಕೂಡ. ಇದಕ್ಕೆ ಅಣ್ಣ ಏನನ್ನುತ್ತಾನೋ ಎಂದು ಬರೆಯಲು ಕೂತೆ.

ಆಮೇಲೆ ಬೆಂಗೇರಿ ಹಳ್ಳ ಎಂಬುದನ್ನು ಮತ್ತೆ ಓದಿದೆ. ಪೆಟ್ಟಿಗೆಯನ್ನು ನಮ್ಮ ಮನೆಯೊಳಗೆ ಬಿಚ್ಚಿದ್ದರೆ ಆ ಹುಲ್ಲು ನಮ್ಮ ಹಿತ್ತಲ ತಿಪ್ಪೆಗೆ ಬೀಳಬೇಕು. ಗಿಡ ಕೇಶ್ವಾಪುರದಲ್ಲಿ, ನಮ್ಮ ಹಿತ್ತಲಲ್ಲಿ ಹುಟ್ಟಬೇಕು. ಅಷ್ಟು ದೂರದ ಬೆಂಗೇರಿ ಹಳ್ಳಕ್ಕೆ ಹೇಗೆ ಹೋಯಿತು? ಹಾಗಾದರೆ ಪೆಟ್ಟಿಗೆ ಒಳಗೇ ಹೋಗಿಲ್ಲ. ಹಾಗಾದರೆ ಶಾಲು?

'ಇದೆ' ಎಂದು ಬರೆದರೆ ಆ ಮಾತು ಹೊರಗೆ ಬರುತ್ತಿತ್ತು. ಬರುವುದು ನನಗೆ ಬೇಡವಾಗಿತ್ತು. ನಿನ್ನ ಕೀರ್ತಿ ಉಳಿಸಲು ಸುಳ್ಳು ಬರೆದೆ ಎಂದು ತಿಳಿಯಬೇಡ, ಅಷ್ಟು ದೊಡ್ಡವನಲ್ಲ ನಾನು. ಅವ್ವ ಶಾಲು ಹೊದ್ದಳು ಎಂದು ಊರಿಗೆಲ್ಲ ಚಹಾ ಕುಡಿಸಿದವನು, ಯಾವ ಮುಖದಿಂದ ಅದು ಆಗಿಲ್ಲ ಅಂದುಕೊಳ್ಳಲಿ? ಆದರೂ ಒಂದು ಆಸೆ ಇತ್ತು. ಹುಲ್ಲನ್ನಷ್ಟೇ ಯಾರೋ ಅಲ್ಲಿ ಚೆಲ್ಲಿರಬಹುದು ಎಂದು. ಅದಕ್ಕೇ ಶಾಲಿನ ಮಾತು ಕೇಳಿದೆ.

ನೀನು ಬರೆದೆ, ಅಂಚು ಸವೆದಿದೆ, ತಾರಾ ಹೊಲಿದಿದ್ದಾಳೆ. ಅಣ್ಣಾ, ಅದು ಅಂಚು ಸವೆಯುವ ಶಾಲೇ ಅಲ್ಲ, ಸುತ್ತಲೂ ಗೊಂಡೆ ಇದ್ದವು. ಆ ಪೆಟ್ಟಿಗೆಯನ್ನು ನೀನು ಬಿಚ್ಚಿ ನೋಡಿಯೂ ಇಲ್ಲ ಎಂದು ಅವತ್ತು ತಿಳಿದುಕೊಂಡೆ. ಅವ್ವ ಒಲ್ಲೆ ಅಂದದ್ದಕ್ಕಿಂತ ಅದು ನನಗೆ ಹೆಚ್ಚು ನೋವು ಕೊಟ್ಟಿತು.

ನನಗೂ ನಾಚಿಕೆಯಾಗಿದೆ. ಈಗ ನಿನ್ನ ಪಾಳಿ. ಪೆಟ್ಟಿಗೆ ಏನಾಯಿತು?

ವೆಂಕಣ್ಣ


ಕೇಶ್ವಾಪುರ
೨೭ ನವೆಂಬರ್ ೧೯೩೨

ವೆಂಕಣ್ಣಾ,

ಆದದ್ದನ್ನು ಆದಹಾಗೆ ಬರೆಯುತ್ತೇನೆ.

ಫಕ್ರುಸಾಬ ಪೆಟ್ಟಿಗೆಯನ್ನು ಕಟ್ಟೆಯ ಮೇಲೆ ಇಳಿಸುವಷ್ಟರಲ್ಲಿ ಅವ್ವ ಒದ್ದೆ ಮಡಿಯಲ್ಲೇ ಹೊರಗೆ ಬಂದಳು. ನೀನು ಕಳಿಸಿದ್ದು ಎಂದೆ. "ಒಂದು ಚಮಚಾ ಪಂಚಗವ್ಯಾ ತಗೊಂಡು ನನ್ನ ಕಡೆ ಬರಲಿಕ್ಕೆ ಒಲ್ಲೆ ಅಂದಾನ. ಅಂವನ ಪೆಟ್ಟಿಗಿ ತಗೊಂಡು ನಾ ಏನು ಮಾಡಲಿ? ಒಳಗ ತರಬ್ಯಾಡ" ಅಂದಳು.

ನಾನು ಈ ಮನೆಯ ಯ‌ಜಮಾನ. ಒಳಗೆ ಬರಲಿ ಅವ್ವ ಎನ್ನಬಹುದಿತ್ತು. ಬೀದಿಯಲ್ಲಿ ಅರಳೆ ವ್ಯಾಪಾರದ ನೀಲಕಂಠಪ್ಪನವರು ನಿಂತು ನೋಡುತ್ತಿದ್ದರು. ಅವರ ಎದುರು ತಾಯಿ-ಮಗನ ಜಗಳ ಬೇಡ ಎನಿಸಿತು. "ನೀನ ತಗೊಂಡು ಹೋಗು" ಎಂದು ಫಕ್ರುಸಾಬನಿಗೆ ಹೇಳಿದೆ. "ಸಾಹೇಬ್ರ, ಬಿಚ್ಚರೆ ನೋಡ್ರಿ, ಹೊಸಾ ಸಾಮಾನು ಇದ್ದಂಗೈತಿ" ಅಂದ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಶಾಲು ಮತ್ತು ಕಪ್ಪು ಇದ್ದವೆಂದು ತಿಳಿದದ್ದೇ ಪೆಟ್ಟಿಗೆ ಕಳಿಸುವಾಗ ನೀನು ಬರೆದ ಕಾರ್ಡಿನಿಂದ. ಊರಿನ ಪ್ರತಿ ಗಟಾರವನ್ನೂ ಬಗ್ಗಿ ನೋಡುವವನು, ತಮ್ಮನ ಪೆಟ್ಟಿಗೆ ಎಲ್ಲಿಗೆ ಹೋಯಿತೆಂದು ನೋಡಲಿಲ್ಲ. ಹುಲ್ಲಿನ ವಿಷಯ ನೀನು ಬರೆದಿದ್ದೆ. ಪೆಟ್ಟಿಗೆಯ ಮಾತು ಬಂದರೆ ಕಣ್ಣು ಮುಂದಿನ ಸಾಲಿಗೆ ಹಾರುತ್ತಿತ್ತು, ಅದಕ್ಕೇ ಅದು ತಲೆಯಲ್ಲಿ ನಿಲ್ಲಲಿಲ್ಲ.

ನಿನ್ನ ಪತ್ರ ಬಂದ ಮೇಲೆ ಫಕ್ರುಸಾಬನನ್ನು ಕೇಳಿದೆ. "ಬೆಂಗೇರಿಗೆ ಮನಿಗೆ ಹೊಂಟಿದ್ನಲ್ರಿ, ಹಳ್ಳದ ಬಾಜೂ ನಿಂದ್ರಿಸಿ ತಗದೆ. ಹುಲ್ಲು ಕುದರಿಗೆ ಹಾಕಿದ್ರ ಮೂಸಿ ಬಿಡ್ತು. ಅಲ್ಲೇ ಚೆಲ್ಲಿದೆ. ನೀವು ಕೇಳಿದ್ರ ಅವತ್ತ ಹೇಳ್ತಿದ್ನಲ್ರಿ" ಅಂದ. ನಾನು ಆ ಹಳ್ಳದ ಬದಿಗೆ ಎರಡು ಮಳೆಗಾಲ ಮೊಳಕಾಲೂರಿ ಕೂತದ್ದನ್ನು ಅವನು ಟಾಂಗಾದ ಮೇಲಿಂದ ನೋಡುತ್ತಲೇ ಇದ್ದ.

ಇನ್ನೊಂದು ಇದೆ, ಅದನ್ನೂ ಬರೆಯದೆ ಗತಿಯಿಲ್ಲ. ಹೋದ ವರ್ಷ ಚಳಿಗಾಲದ ಒಂದು ಬೆಳಗ್ಗೆ ಫಕ್ರುಸಾಬನ ಹೆಂಡತಿ ಶಹಜಹಾನಬೇಗಂ, ಗಂಡನಿಗೆ ಜ್ವರ ಬಂದಿದೆ, ಟಾಂಗಾ ಬರುವುದಿಲ್ಲ ಎಂದು ಹೇಳಲು ಬಂದಳು. ಕಂದು ಉಣ್ಣೆಯ ನಿನ್ನ ಶಾಲು ಹೊದ್ದಿದ್ದಳು. ಅವ್ವ ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಕೂತಿದ್ದಳು. "ಭಾಳ ಬೆಚ್ಚಗ ಕಾಣಸ್ತದ. ಎಲ್ಲಿ ತಗೊಂಡಿ?" ಎಂದು ಕೇಳಿದಳು. ಆ ಹೆಂಗಸು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. "ನಮ್ಮ ಮೈದುನ ಪರದೇಶದಾಗ ಅದಾನ್ರೀ ಅಮ್ಮಾ, ಕಳಿಸ್ಯಾನ" ಅಂದಳು. ಅವ್ವ, "ನೆನಪು ಇಟ್ಟಾನಲ್ಲ, ಪುಣ್ಯಾ ಮಾಡೀರಿ" ಅಂದಳು. ನಾನು ಅಲ್ಲೇ ನಿಂತಿದ್ದೆ ವೆಂಕಣ್ಣಾ, ಬಾಯಿ ಬಿಡಲಿಲ್ಲ. ಸಾಲೆಯಲ್ಲಿ ಆದ ಅವಮಾನ ಇದರ ಮುಂದೆ ಏನೂ ಅಲ್ಲ.

ಮುಂಬಯಿಯ ಪತ್ರಿಕೆಗೆ ತಪ್ಪೊಪ್ಪಿಗೆ ಕಳಿಸಿದ್ದೇನೆ. ಗಿಡ ಹೇಗೆ ಬಂತು ಎಂಬುದನ್ನು ಬರೆಯದೆ ಅದು ಪೂರ್ತಿಯಾಗುವುದಿಲ್ಲ. ತಮ್ಮ ಕಳಿಸಿದ ಪೆಟ್ಟಿಗೆಯ ಹುಲ್ಲಿನಲ್ಲಿ ಬಂತು, ಮನೆಯವರು ಪೆಟ್ಟಿಗೆಯನ್ನು ಒಳಗೆ ತೆಗೆದುಕೊಳ್ಳಲಿಲ್ಲ, ಅದನ್ನು ನಾನೇ ಮರೆಮಾಚಿದ್ದೆ ಎಂದು ಬರೆದೆ. ಅಂಚೆಗೆ ಹಾಕುವ ಮೊದಲು ಅವ್ವನನ್ನು ಕೂರಿಸಿ ಕನ್ನಡದಲ್ಲಿ ಓದಿದೆ. ಶಾಲಿನ ಸುಳ್ಳನ್ನೂ ಹೇಳಿದೆ. "ಆ ಹೆಂಗಸು ಹೊದ್ದಿದ್ಲಲ್ಲ, ಅದ ಏನು?" ಎಂದಳು. ಅದೇ ಎಂದೆ. ಎದ್ದು ಒಳಗೆ ಹೋದಳು. ಆ ದಿನ ಊಟ ಮಾಡಲಿಲ್ಲ.

ಮರುದಿನ ನಾನೇ ಕೇಳಿದೆ, ವೆಂಕಣ್ಣ ಬಂದರೆ ಹೇಗೆ ಎಂದು. "ಪ್ರಾಯಶ್ಚಿತ್ತಾ ಇಲ್ಲದ ಒಳಗ ಇಲ್ಲ. ಬರೂದಿದ್ರ ಹೊರಗ ಪಡಸಾಲ್ಯಾಗ ಉಣ್ಣಲಿ" ಅಂದಳು. ಇದಕ್ಕಿಂತ ಹೆಚ್ಚು ಅವಳು ಏನೂ ಅಂದಿಲ್ಲ. ಹೆಚ್ಚು ಅಂದಳೆಂದು ನಾನು ಬರೆಯುವುದಿಲ್ಲ.

ಅವತ್ತಿನಿಂದ ನಾನೂ ಪಡಸಾಲೆಯಲ್ಲೇ ಉಣ್ಣುತ್ತಿದ್ದೇನೆ. ಬೀದಿಗೆಲ್ಲ ಕಾಣುತ್ತದೆ. "ಯಾಕ್ರಿ ಮಾಸ್ತರ, ಹೊರಗ ಕೂತೀರಿ?" ಎಂದು ನೀಲಕಂಠಪ್ಪನವರು ಕೇಳಿದರು. "ನನ್ನ ತಮ್ಮ ಬಂದ್ರ ಇಲ್ಲೇ ಉಣ್ಣಬೇಕಂತ್ರಿ. ಅಂವನ ಜೋಡಿ ನಾನೂ ಕೂಡತೇನಿ. ಈಗಿಂದ ರೂಢಿ ಮಾಡ್ಕೊಳ್ಳಿಕ್ಹತ್ತೇನಿ" ಎಂದೆ. ತಾರಾ ಬಡಿಸುತ್ತಾಳೆ. ಅವ್ವ ನನ್ನ ಜೋಡಿ ಮಾತು ಬಿಟ್ಟಿದ್ದಾಳೆ.

ಬಾ ಎನ್ನುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ, ಬರುತ್ತೀಯಾ?

ಪಂಢರಿನಾಥ


ನೈರೋಬಿ
೮ ಜನವರಿ ೧೯೩೩

ಅಣ್ಣನಿಗೆ ನಮಸ್ಕಾರ.

ನಿನ್ನ ಪತ್ರ ಓದಿ ಬಹಳ ಸಿಟ್ಟು ಬಂತು. ಒಂದು ವಾರ ಉತ್ತರ ಬರೆಯಲಿಲ್ಲ. ಶಹಜಹಾನಬೇಗಂ ಎದುರು ನೀನು ನೆಲ ನೋಡಿದೆಯಲ್ಲ, ಅದನ್ನು ಕ್ಷಮಿಸಲು ಇನ್ನೂ ಆಗಿಲ್ಲ. ಆದರೆ ನೀಲಕಂಠಪ್ಪನವರ ಎದುರು ಪಡಸಾಲೆಯಲ್ಲಿ ಕೂತು ಉಂಡೆ ಎಂಬ ಸಾಲಿಗೆ ಬಂದಾಗ ನಗು ತಡೆಯಲಾಗಲಿಲ್ಲ. ಬೀದಿಯಲ್ಲಿ ಚಹಾ ಕುಡಿಯಲಿಕ್ಕೂ ನಾಚುವ ನನ್ನ ಅಣ್ಣ.

ಏಪ್ರಿಲ್ ತಿಂಗಳಿನಿಂದ ರಜೆ ಕೇಳಿದ್ದೇನೆ. ಸಿಗುತ್ತದೆ. ಈ ಸಲ ಪೆಟ್ಟಿಗೆ ಇಲ್ಲ, ಏನೂ ತರುವುದಿಲ್ಲ. ಬೂಟಿಗೆ ಹತ್ತಿದ ಮಣ್ಣನ್ನೂ ಮೊಂಬಾಸಾದಲ್ಲಿ ಝಾಡಿಸಿಯೇ ಹಡಗು ಹತ್ತುತ್ತೇನೆ. ಇಲ್ಲದಿದ್ದರೆ ನಿನಗೆ ಇನ್ನೊಂದು ಹೊಸ ಗಿಡ ಸಿಕ್ಕು ಮತ್ತೊಂದು ಸಭೆಯಾದೀತು.

ಪಡಸಾಲೆಯಲ್ಲಿ ಉಣ್ಣಲು ನನ್ನ ತಕರಾರಿಲ್ಲ. ಅಡುಗೆಮನೆ ಅವಳದು. ಆದರೆ ನನ್ನದೂ ಒಂದು ಮಾತಿದೆ, ಅವ್ವನಿಗೆ ತಿಳಿಸು. ವೈನಿ ಬಡಿಸಿದರೆ ನಾನು ಉಣ್ಣುವುದಿಲ್ಲ. ನೀನು ಬಡಿಸಿದರೂ ಉಣ್ಣುವುದಿಲ್ಲ. ಬಡಿಸುವವಳು ಅವಳೇ ಆಗಬೇಕು. ನನ್ನನ್ನು ಮುಟ್ಟುವುದು ಬೇಡ, ಹೊರಗೆ ಬರುವುದೂ ಬೇಡ, ಬಾಗಿಲ ಒಳಗೆ ನಿಂತು ಬಡಿಸಿದರೂ ನಡೆಯುತ್ತದೆ. ಅದೂ ಆಗದೆಂದರೆ ಈಗಲೇ ಬರೆ, ನಾನು ಹಡಗು ಹತ್ತುವುದಿಲ್ಲ. ಇದನ್ನು ಮೆತ್ತಗೆ ಮಾಡಿ ಹೇಳಬೇಡ. ಇದ್ದದ್ದು ಇದ್ದಹಾಗೆ ಓದು.

ವೆಂಕಣ್ಣ


ಕೇಶ್ವಾಪುರ
೧೯ ಫೆಬ್ರುವರಿ ೧೯೩೩

ತಮ್ಮ ವೆಂಕಣ್ಣನಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಅವ್ವನಿಗೆ ಓದಿದೆ. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಅವಳು ಏನೂ ಅನ್ನಲಿಲ್ಲ. ಆಗಲಿ ಎಂದಳು ಎಂದು ಬರೆಯಲು ಕೈ ತುರಿಸುತ್ತದೆ, ಆದರೆ ಅನ್ನಲಿಲ್ಲ. ನಾನು ಕಣ್ಣಾರೆ ಕಂಡದ್ದು ಇಷ್ಟು.

ನಾಲ್ಕನೆಯ ದಿನ ನಾನು ಉಂಡೆದ್ದ ಮೇಲೆ ಒಂದು ದಾರ ತಂದಳು. ಒಂದು ತುದಿಯನ್ನು ತಾರಾಳ ಕೈಗೆ ಕೊಟ್ಟು, ಪಡಸಾಲೆಯಲ್ಲಿ ನನ್ನ ಮಣೆಯ ಪಕ್ಕದ ಜಾಗದಲ್ಲಿ ಹಿಡಿಸಿದಳು. ಇನ್ನೊಂದು ತುದಿ ಹಿಡಿದು ತಾನು ಬಾಗಿಲ ಒಳಗೆ ನಿಂತಳು. ಬಗ್ಗಿ ನೋಡಿದಳು, ದಾರಕ್ಕೆ ಗಂಟು ಹಾಕಿದಳು. ಆ ದಾರವನ್ನು ನನ್ನ ಕೈಗೆ ಕೊಟ್ಟು, ತಾರಾಳಿಂದ ಹೇಳಿಸಿ, ಹಳೇ ಹುಬ್ಬಳ್ಳಿಯ ತಾಮ್ರದ ಪಾತ್ರೆ ಮಾಡುವ ತಾಂಬಟಗಾರ ಮುರುಗೆಪ್ಪನ ಹತ್ತಿರ ಕಳಿಸಿದಳು.

ಆ ದಾರದ ಅಳತೆಗೆ ಸೌಟು ಮಾಡಿಸಿದ್ದಾಳೆ. ಇಷ್ಟುದ್ದ ಹಿಡಿಕೆಯ ಸೌಟನ್ನು ನಾನು ಮಠದ ಅಡುಗೆಯಲ್ಲಿಯೂ ನೋಡಿಲ್ಲ. ನಿನ್ನೆ ಬಂತು. ಬಾಗಿಲ ಒಳಗೆ ನಿಂತು, ಅದರಲ್ಲಿ ನೀರು ತುಂಬಿ, ನಿನ್ನ ಜಾಗದಲ್ಲಿಟ್ಟ ಖಾಲಿ ತಾಟಿಗೆ ಸುರಿದು ನೋಡಿದಳು. ಮೊದಲ ಸಲ ನೆಲಕ್ಕೆ ಚೆಲ್ಲಿತು. ಇಂದು ಬೆಳಗ್ಗೆ ನಾನು ಎದ್ದಾಗ ಮತ್ತೆ ಅದನ್ನೇ ಮಾಡುತ್ತಿದ್ದಳು.

ಪಂಢರಿನಾಥ